ಪಾಲಿನ ಕೇಸಿನಲ್ಲಿ ‘ನ್ಯಾಯವಾಗಿ ಕೊಡಿ’ ಅಂದರೆ ಏನು ಕೇಳುತ್ತಿದ್ದಾರೆ?

ನಾನು ವಕೀಲ. ಅದರ ಜೊತೆಗೆ ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದಲ್ಲಿ ಮೀಡಿಯೇಟರ್ ಆಗಿಯೂ ಕೂರುತ್ತೇನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಪ್ರಕಾರ ಜಡ್ಜ್ ಕಳಿಸಿದ ಕೇಸುಗಳು ನಮ್ಮ ಹತ್ತಿರ ಬರುತ್ತವೆ. ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಎರಡೂ ಕಡೆಯವರನ್ನು ಕೂರಿಸಿ, ಅವರವರೇ ಒಪ್ಪಂದಕ್ಕೆ ಬರುವ ಹಾಗೆ ಮಾತಾಡಿಸುವುದಷ್ಟೇ ಕೆಲಸ. ನನಗೆ ಜಾಸ್ತಿ ಸಿಗುವುದು ಪಾಲಿನ ದಾವೆಗಳು. ಅಣ್ಣ ತಮ್ಮ, ಅಕ್ಕ ತಂಗಿ, ನಡುವೆ ಒಂದಿಷ್ಟು ಗುಂಟೆ ಜಮೀನು.

ಶುರುವಿನಲ್ಲೇ ‘ನಾನು ನಿಷ್ಪಕ್ಷಪಾತಿ’ ಅಂತ ಹೇಳಿಕೊಳ್ಳಬೇಕು ಅನ್ನುವುದು ನಮ್ಮ ಪದ್ಧತಿ. ಹೇಳಿ ನೋಡಿ, ಎದುರಿಗೆ ಕೂತವರ ಮುಖದಲ್ಲಿ ಏನೂ ಬದಲಾಗುವುದಿಲ್ಲ. ಅದು ಚುನಾವಣೆ ಹೊತ್ತಿನಲ್ಲಿ ಪೇಪರಿನಲ್ಲಿ ಬರುವ ಮಾತು. ನಾನು ಹೇಳುವುದು ಇಷ್ಟೇ: ‘ನಾನು ಯಾರ ಕಡೆಯೂ ಅಲ್ಲ. ಯಾರದು ಸರಿ, ಯಾರದು ತಪ್ಪು ಅಂತ ಹೇಳೋಕೂ ಬಂದಿಲ್ಲ.’ ಎರಡನೇ ಮಾತು ಬೇಕೇ ಬೇಕು. ಹಳ್ಳಿ ಕಡೆ ‘ನ್ಯಾಯ ಸೇರಿಸೋದು’ ಅಂದರೆ ಹಿರಿಯರು ಕಟ್ಟೆ ಮೇಲೆ ಕೂತು ಇಬ್ಬರ ಮಾತು ಕೇಳಿ, ಒಬ್ಬನಿಗೆ ಬೈದು, ಕೆಲವೊಮ್ಮೆ ದಂಡವನ್ನೂ ಹಾಕುವುದು. ನನ್ನನ್ನೂ ಆ ಸಾಲಿಗೆ ಸೇರಿಸಿಬಿಟ್ಟರೆ ಮುಗಿಯಿತು. ಇಬ್ಬರೂ ನನ್ನನ್ನು ಒಪ್ಪಿಸಲು ಹೊರಡುತ್ತಾರೆ, ಒಬ್ಬರ ಜೊತೆ ಒಬ್ಬರು ಮಾತೇ ಆಡುವುದಿಲ್ಲ.

ಪಕ್ಷಪಾತವನ್ನು ದೂರುವುದಕ್ಕೆ ನಮ್ಮವರಿಗೆ ಮಾತಿನ ಬರವೇ ಇಲ್ಲ. ಯಾರು ಯಾವ ಮಾತು ಆಡುತ್ತಾರೆ ಅನ್ನುವುದನ್ನು ನಾನು ಗುರುತು ಹಾಕಿಕೊಳ್ಳುತ್ತೇನೆ. ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಅಂದರೆ ಸಿಟ್ಟು ಅಪ್ಪ ಅಮ್ಮನ ಮೇಲೆ. ಎಷ್ಟು ಗುಂಟೆ ಕೊಟ್ಟರೂ ಅದು ಇಳಿಯುವುದಿಲ್ಲ, ಮೊದಲು ಹಳೇ ಕಥೆ ಕೇಳಬೇಕು. ‘ಅವನಿಗೊಂದು ನ್ಯಾಯ, ನನಗೊಂದು ನ್ಯಾಯಾನಾ?’ ಅಂದರೆ ಕೆಲಸ ಸುಲಭ. ಇಬ್ಬರಿಗೂ ಒಂದೇ ಲೆಕ್ಕ ಹಿಡಿದರೆ ಅವರು ಸುಮ್ಮನಾಗುತ್ತಾರೆ. ‘ಮುಖ ನೋಡಿ ಮಣೆ ಹಾಕ್ತಾರೆ’ ಅನ್ನುವುದು ಮಾತ್ರ ಸಾಮಾನ್ಯವಾಗಿ ನನಗೇ ಅಂದದ್ದು!

ಅದಕ್ಕೆ ಕಾರಣವೂ ಇರುತ್ತದೆ. ಅಣ್ಣ ಇಸ್ತ್ರಿ ಶರಟು ಹಾಕಿಕೊಂಡು ಬಂದ ನೌಕರ, ತಮ್ಮ ಹೊಲದಿಂದ ನೇರ ಬಂದವನು. ಒಬ್ಬರಿಗೆ ‘ಸರ್’ ಅಂದು ಇನ್ನೊಬ್ಬರಿಗೆ ‘ಏನಪ್ಪಾ’ ಅನ್ನುವುದು ಬಾಯಿಗೆ ತಾನಾಗಿ ಬಂದುಬಿಡುತ್ತದೆ. ಹಾಗಾಗಿ ಎಲ್ಲರಿಗೂ ಹೆಸರಿನ ಜೊತೆ ‘ಅವರೇ’, ಎಲ್ಲರಿಗೂ ‘ನೀವು’. ಒಬ್ಬೊಬ್ಬರನ್ನೇ ಕರೆದು ಮಾತಾಡುವಾಗ ಹೊರಗೆ ಕೂತವರು ಗಡಿಯಾರ ನೋಡುತ್ತಿರುತ್ತಾರೆ. ‘ಅವರ ಜೊತೆ ಹೊತ್ತು ಜಾಸ್ತಿ ಆಗಬಹುದು, ಅದಕ್ಕೆ ಬೇರೆ ಅರ್ಥ ಬೇಡ’ ಅಂತ ಮೊದಲೇ ಹೇಳಿರುತ್ತೇನೆ. ಒಂದು ಕಡೆಯ ವಕೀಲರು ನನಗೆ ಪರಿಚಯ ಇದ್ದರೆ ಅದನ್ನೂ ಎಲ್ಲರೆದುರು ಹೇಳುತ್ತೇನೆ. ಇಂಥ ನಂಟನ್ನು ಮೊದಲೇ ತಿಳಿಸಬೇಕು ಅಂತ 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲೂ ಬರೆದಿದೆ.

ಒಂದು ಕೇಸು ಹೇಳುತ್ತೇನೆ. ಒಳಗಿನ ಮಾತು ಹೊರಗೆ ಹೋಗಬಾರದು ಅನ್ನುವ ನಿಯಮ ಇದೆ, ಅದಕ್ಕೇ ಗುರುತು ಸಿಗದ ಹಾಗೆ ಬದಲಾಯಿಸಿದ್ದೇನೆ. ಪಿತ್ರಾರ್ಜಿತ ಜಮೀನು. ಅಣ್ಣ ಬೆಂಗಳೂರಿನಲ್ಲಿ, ಅಕ್ಕ ಗಂಡನ ಮನೆಯಲ್ಲಿ, ತಮ್ಮ ಊರಿನಲ್ಲಿ. ಅಣ್ಣ ಬಂದಾಗಲೆಲ್ಲ ‘ಸಮಪಾಲು’ ಅನ್ನುತ್ತಿದ್ದರು. ತಮ್ಮ ‘ನ್ಯಾಯವಾಗಿ ಏನು ಬರಬೇಕೋ ಅದು ಕೊಡಿ’ ಅನ್ನುತ್ತಿದ್ದರು. ಅವರಿಬ್ಬರ ವಕೀಲರೂ ಇದನ್ನು ಒಂದೇ ಬೇಡಿಕೆ ಅಂದುಕೊಂಡಿದ್ದರು.

‘ನ್ಯಾಯವಾಗಿ ಅಂದ್ರೆ ಹೇಗೆ, ಬಿಡಿಸಿ ಹೇಳಿ’ ಅಂದೆ. ಆಗ ಒಂದೊಂದೇ ಹೊರಗೆ ಬಂತು. ಬೋರ್‌ವೆಲ್ ಕೊರೆಸಿದ ಸಾಲ ಇನ್ನೂ ಅವರ ಹೆಸರಿನಲ್ಲೇ ಇದೆ. ಹಾಸಿಗೆ ಹಿಡಿದ ಅಪ್ಪನನ್ನು ಕೊನೆವರೆಗೂ ನೋಡಿಕೊಂಡದ್ದು ಅವರ ಹೆಂಡತಿ. ಅದಕ್ಕೆ ತಮ್ಮ ದುಡ್ಡು ಕೇಳಲಿಲ್ಲ. ‘ಅವಳು ಮಾಡಿದ್ದನ್ನ ಅಣ್ಣ ಒಂದು ಸಲ ಬಾಯಿಬಿಟ್ಟು ಹೇಳಲಿ’ ಅಂದರು, ಅಷ್ಟೆ.

ಅಕ್ಕನ ವಿಷಯಕ್ಕೆ ಬಂದಾಗ ಮಾತ್ರ ಅಣ್ಣ ತಮ್ಮ ಒಂದಾದರು. ‘ಅರಿಶಿನ ಕುಂಕುಮಕ್ಕೆ ಅಂತ ಏನಾದ್ರೂ ಕೊಡ್ತೀವಿ ಸರ್.’ ಅದುವರೆಗೂ ಸೆರಗು ಮುದುರುತ್ತಾ ಕೂತಿದ್ದ ಆಕೆ ತಲೆಯೆತ್ತಿ ಕೇಳಿದರು: ‘ಕೊಡೋಕೆ ನೀವ್ಯಾರೋ?’

ಇಂಥ ಹೊತ್ತಿನಲ್ಲಿ ಮೀಡಿಯೇಟರ್ ಬಾಯಿ ಮುಚ್ಚಿಕೊಂಡಿರಬೇಕು, ಕಾನೂನು ಹೇಳಿದರೆ ಒಂದು ಕಡೆಗೆ ವಾಲಿದಂತೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತನಗೆ ಬರಬೇಕಾದ್ದು ಏನು ಅಂತ ಗೊತ್ತಿಲ್ಲದೆ ಒಬ್ಬರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಿದ್ದರೆ, ಸುಮ್ಮನಿರುವುದೇ ಒಂದು ಕಡೆ ಸೇರಿದ ಹಾಗೆ. ಮೂರೂ ವಕೀಲರನ್ನು ಕರೆದು, ಅವರವರ ಕಕ್ಷಿದಾರರಿಗೆ ಎಲ್ಲರೆದುರೇ ಬಿಡಿಸಿ ಹೇಳಿ ಅಂದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತ್ತು, ಆದರೆ ಅದಕ್ಕೂ ಮೊದಲು ಮದುವೆಯಾದವರು ಹೊರಗುಳಿದಿದ್ದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಕೇಂದ್ರ ತಂದ ತಿದ್ದುಪಡಿ ಆ ಭೇದ ತೆಗೆಯಿತು. ಆ ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟು ಕೇಳಿದ ಮೇಲೆ ‘ಅರಿಶಿನ ಕುಂಕುಮ’ದ ಮಾತು ಮತ್ತೆ ಬರಲಿಲ್ಲ.

ಜಮೀನು ಹಂಚಲು ಊರಿನ ಹಳೇ ದಾರಿಯನ್ನೇ ಸ್ವಲ್ಪ ತಿರುಗಿಸಿದೆವು. ದೊಡ್ಡವರು ಪಾಲು ಮಾಡುವುದು, ಚಿಕ್ಕವರು ಮೊದಲು ಆರಿಸುವುದು ವಾಡಿಕೆ. ಇಲ್ಲಿ ಮಣ್ಣು ಚೆನ್ನಾಗಿ ಗೊತ್ತಿರುವವರು ತಮ್ಮ. ಹಾಗಾಗಿ ಸರ್ವೆ ನಕ್ಷೆ ಮೇಲೆ ಮೂರು ಪಾಲು ಗೆರೆ ಎಳೆಯುವುದು ಅವರು, ಮೊದಲು ಆರಿಸುವುದು ಅಕ್ಕ, ಆಮೇಲೆ ಅಣ್ಣ, ಉಳಿದದ್ದು ತಮ್ಮನಿಗೆ. ಗೆರೆ ಎಳೆಯುವಾಗ ತಮ್ಮ ಎಷ್ಟು ಸಲ ಅಳಿಸಿದರು ಅಂತೀರಿ! ಬೋರ್‌ವೆಲ್ ಸಾಲ ಮೂವರೂ ಹಂಚಿಕೊಂಡರು. ತಮ್ಮನ ಹೆಂಡತಿಗೆ ಹೇಳಬೇಕಾದ ಮಾತನ್ನು ಅಣ್ಣ ಕಾರಿಡಾರಿನಲ್ಲಿ ಹೇಳಿದರಂತೆ. ನಾನು ಅಲ್ಲಿರಲಿಲ್ಲ.

ಒಪ್ಪಂದ ಬರೆಯುವಾಗ ಒಬ್ಬ ವಕೀಲರು ‘ನೀರನ್ನು ಮೂವರೂ ನ್ಯಾಯಯುತವಾಗಿ ಬಳಸತಕ್ಕದ್ದು’ ಅಂತ ಸೇರಿಸಿದ್ದರು. ಆ ಸಾಲು ತೆಗೆಸಿದೆ. ಮುಂದಿನ ಬೇಸಿಗೆಗೆ ಇನ್ನೊಂದು ದಾವೆ ಹುಟ್ಟೋಕೆ ಅದೊಂದು ಪದ ಸಾಕು. ಅದರ ಬದಲು ಯಾರ ಪಾಳಿ ಯಾವ ದಿನ, ಕರೆಂಟ್ ಇಲ್ಲದೆ ಪಾಳಿ ತಪ್ಪಿದರೆ ಮರುದಿನ ಯಾರಿಗೆ, ಮೋಟರ್ ಸುಟ್ಟರೆ ಖರ್ಚು ಯಾರದು ಅಂತ ಬರೆಸಿದೆ. ಚಕ್ಕುಬಂದಿ, ಅಂದರೆ ನಾಲ್ಕೂ ಕಡೆಯ ಗಡಿ, ಓದಿ ಹೇಳಿ, ಮೂವರಿಂದಲೂ ಪುಟಪುಟಕ್ಕೂ ಸಹಿ ಹಾಕಿಸಿ, ಕೋರ್ಟಿಗೆ ಕಳಿಸಿಕೊಟ್ಟೆ.