ಬೈಜಾಂಟಿಯನ್ ವಂಶವೃಕ್ಷವನ್ನು ತಾಯಂದಿರ ಕಡೆಯಿಂದ ಕಟ್ಟಿದ ಬಗೆ

ಬೈಜಾಂಟಿಯನ್ (ಪೂರ್ವ ರೋಮನ್) ಚಕ್ರವರ್ತಿಗಳ ವಂಶಾವಳಿಯನ್ನು ತಂದೆಯಿಂದ ಮಗನಿಗೆ ಎಳೆಯುತ್ತ ಹೋದರೆ ಕೆಲವು ತಲೆಮಾರಿಗೊಮ್ಮೆ ಗೆರೆ ಕಡಿಯುತ್ತದೆ. ದೂಕಾಸ್, ಕೊಮ್ನೆನೋಸ್, ಆಂಗೆಲೋಸ್, ಪಲೈಯೊಲೋಗೋಸ್ ಎಂಬ ಮನೆತನಗಳು ಪರಸ್ಪರ ಸಂಬಂಧವೇ ಇಲ್ಲದವರಂತೆ ಕಾಣುತ್ತಾರೆ. ಆದ್ದರಿಂದ ಈ ನಂಟುಗಳನ್ನು ದಾಖಲಿಸಲು ಕುಳಿತಾಗ, ಹೆಣ್ಣುಮಕ್ಕಳನ್ನು 'ಪತ್ನಿ' ಎಂಬ ಅಂಕಣದಲ್ಲಿ ಮುಗಿಸದೆ ಪ್ರತಿಯೊಬ್ಬರಿಗೂ ತವರು, ತಾಯಿ, ಸೇರಿದ ಮನೆ ಎಂಬ ವಿವರಗಳ ಸ್ವಂತ ಪುಟವನ್ನು ತೆರೆದೆ.

ಮೊದಲ ಪುಟ ಅನ್ನಾ ದಲಸ್ಸೇನೆಯದು. ಆಕೆಯ ಗಂಡ ಜಾನ್, 1057ರಿಂದ 1059ರವರೆಗೆ ಆಳಿದ ಒಂದನೇ ಐಸಾಕ್ ಕೊಮ್ನೆನೋಸನ ತಮ್ಮ. ಅಣ್ಣ ಪಟ್ಟ ಬಿಟ್ಟಾಗ ಜಾನ್ ಅದನ್ನು ಒಲ್ಲೆನೆಂದ. ಸಿಂಹಾಸನ ಹತ್ತನೇ ಕಾನ್‌ಸ್ಟಂಟೈನ್ ದೂಕಾಸನ ಪಾಲಾಯಿತು. ದೂಕಾಸ್ ಮನೆಯ ಮೇಲೆ ಹಗೆ ಸಾಧಿಸಿದ ಅನ್ನಾಳಿಗೆ, ಮಗ, ಮುಂದೆ ಚಕ್ರವರ್ತಿಯಾದ ಒಂದನೇ ಅಲೆಕ್ಸಿಯೋಸ್, ಆ ಮನೆಯ ಐರೀನಳನ್ನು ತಂದದ್ದು ಹಿಡಿಸಲಿಲ್ಲ. ಆದರೆ 1081ರಲ್ಲಿ ಅವನನ್ನು ಪಟ್ಟಕ್ಕೇರಿಸಲು ನೆರವಾದದ್ದು ಅದೇ ಬೀಗತನ: ಐರೀನಳ ಅಜ್ಜ ಜಾನ್ ದೂಕಾಸನೂ ಆಕೆಯ ಸಹೋದರಿಯ ಗಂಡ ಜಾರ್ಜ್ ಪಲೈಯೊಲೋಗೋಸನೂ ಅವನ ಪಕ್ಷ ವಹಿಸಿದರು. ಅದೇ ವರ್ಷ ಅಲೆಕ್ಸಿಯೋಸ್ ಆಡಳಿತವನ್ನೇ ತಾಯಿಗೆ ಒಪ್ಪಿಸಿದ. ಈ ತಾಯಿಯನ್ನು ಬಿಟ್ಟ ವಂಶವೃಕ್ಷಕ್ಕೆ ಏನು ಅರ್ಥ?

ಅಜ್ಜ-ಅಜ್ಜಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುವ ರೂಢಿ ನಮ್ಮಲ್ಲಿರುವಂತೆ ಅಲ್ಲಿಯೂ ಇದ್ದುದರಿಂದ ಅಲೆಕ್ಸಿಯೋಸ್, ಜಾನ್, ಥಿಯೊಡೋರಾ ಮತ್ತೆ ಮತ್ತೆ ಬರುತ್ತಾರೆ. ಹೀಗಾಗಿ ಹೆಸರಿನ ಬದಲು ಕ್ರಮಸಂಖ್ಯೆಯಿಂದಲೇ ವ್ಯಕ್ತಿಗಳನ್ನು ಗುರುತಿಸಿದೆ. ಕುಲನಾಮವನ್ನಂತೂ ತಂದೆಯ ಗುರುತೆಂದು ನಂಬುವಂತಿಲ್ಲ. ಅಲೆಕ್ಸಿಯೋಸನ ಮಗಳು, ಇತಿಹಾಸಕಾರ್ತಿ ಅನ್ನಾ ಕೊಮ್ನೆನೆಯ ಗಂಡ ನಿಕೆಫೊರೋಸ್ ಬ್ರಯೆನ್ನಿಯೋಸ್. ಅವರ ಮಗ ಜಾನ್ ಮಾತ್ರ ಅಜ್ಜಿ ಐರೀನಳ ತವರಿನ ಹೆಸರು ಹಿಡಿದು ಜಾನ್ ದೂಕಾಸ್ ಎನಿಸಿಕೊಂಡ. ಯಾವ ಕಡೆಯ ನಂಟನ್ನು ಮೆರೆಸಬೇಕೆಂಬ ಆಯ್ಕೆ ಅದರಲ್ಲಿದೆ ಎಂದು ನನಗನಿಸುತ್ತದೆ. ಕುಲನಾಮಕ್ಕೂ ಜನ್ಮಕ್ಕೂ ನಾನು ಬೇರೆ ಬೇರೆ ಅಂಕಣ ಇಟ್ಟದ್ದು ಅದಕ್ಕಾಗಿಯೇ.

ಪರಿಶೀಲನೆಗೆ ಬಳಸಿದ್ದು ಚರ್ಚಿನ ಲೆಕ್ಕವನ್ನು. ಪ್ರತಿ ಜನನವನ್ನು ಒಂದು ಮೆಟ್ಟಿಲೆಂದು ಎಣಿಸಿದರೆ ಒಡಹುಟ್ಟಿದವರು ಎರಡನೆಯ, ಅವರ ಮಕ್ಕಳು ನಾಲ್ಕನೆಯ ಮೆಟ್ಟಿಲಿನ ನಂಟರು. ಸೋದರಮಾವನ ಮಗಳನ್ನು ತರುವುದು ಅಲ್ಲಿ ನಿಷಿದ್ಧ. 997ರಲ್ಲಿ ಪೇಟ್ರಿಯಾರ್ಕ್ (ಅಲ್ಲಿನ ಚರ್ಚಿನ ಮುಖ್ಯಸ್ಥ) ಎರಡನೇ ಸಿಸಿನ್ನಿಯೋಸ್ ನಿಯಮವನ್ನು ಇನ್ನೂ ಬಿಗಿಗೊಳಿಸಿ, ಅಣ್ಣತಮ್ಮಂದಿರಿಬ್ಬರು ಬೇರೊಂದು ಮನೆಯ ಒಡಹುಟ್ಟಿದವರಿಬ್ಬರ ಹೆಣ್ಣುಮಕ್ಕಳನ್ನು ವರಿಸುವುದನ್ನೂ ತಡೆದ. ನಾನು ಎಳೆದ ಗೆರೆಯಿಂದ ವಧೂವರರು ಇಷ್ಟು ಹತ್ತಿರದವರಾಗಿ ಕಂಡಾಗಲೆಲ್ಲ, ಒಂದೇ ಹೆಸರಿನ ಇಬ್ಬರು ಬೆರೆತಿದ್ದಾರೆಯೇ ಎಂದು ನೋಡಿದ ನಂತರವೇ ಮುಂದುವರಿದೆ.

ಹೀಗೆ ಸಾಗಿದಾಗ 1261ರಲ್ಲಿ ಕಾನ್‌ಸ್ಟಾಂಟಿನೋಪಲನ್ನು ಮರಳಿ ಪಡೆದ ಎಂಟನೇ ಮೈಕೇಲ್ ಪಲೈಯೊಲೋಗೋಸ್ ಪರಕೀಯನಾಗಿ ಉಳಿಯಲಿಲ್ಲ. ಅವನ ತಾಯಿ ಥಿಯೊಡೋರಾ, ಆಕೆಯ ತಾಯಿ ಐರೀನ್, ಆಕೆಯ ತಂದೆ ಮೂರನೇ ಅಲೆಕ್ಸಿಯೋಸ್ ಆಂಗೆಲೋಸ್, ಅವನ ತಂದೆ ಆಂಡ್ರೊನಿಕೋಸ್, ಆತನ ತಾಯಿ ಒಂದನೇ ಅಲೆಕ್ಸಿಯೋಸನ ಮಗಳಾದ ಇನ್ನೊಬ್ಬ ಥಿಯೊಡೋರಾ. ಮೂವರು ಹೆಣ್ಣುಮಕ್ಕಳನ್ನು ಅಳಿಸಿದರೆ ಈ ಸರಪಳಿಯೇ ಇಲ್ಲ.

ಈಗ 1204ರಿಂದ 1461ರವರೆಗೆ ಕಪ್ಪು ಸಮುದ್ರದ ದಂಡೆಯ ಟ್ರೆಬಿಜಾಂಡನ್ನು ಆಳಿದ ಕೊಮ್ನೆನೋಸ್ ಶಾಖೆಯನ್ನು ಸೇರಿಸುತ್ತಿದ್ದೇನೆ. ಆ ಮನೆಯ ಥಿಯೊಡೋರಾ ತುರ್ಕಮನ್ ದೊರೆ ಉಜುನ್ ಹಸನನನ್ನು ಮದುವೆಯಾದಳು. ಅವರ ಮಗಳ ಮಗ ಇರಾನಿನ ಸಫವಿ ವಂಶದ ಒಂದನೇ ಶಾ ಇಸ್ಮಾಯಿಲ್.