ಡಿಕ್ರಿ ಆಗಿ ನಾಲ್ಕು ವರ್ಷಕ್ಕೆ ದುಡ್ಡು ಕೈಗೆ ಬಂತು

2019ರ ಫೆಬ್ರವರಿಯಲ್ಲಿ ನನಗೆ ಬರಬೇಕಾದ ಬಾಕಿ ಕೊಡಬೇಕು ಅಂತ ಕೋರ್ಟಿನಲ್ಲಿ ಡಿಕ್ರಿ ಆದ ದಿನ ಅಂಗಡಿಯಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿದೆ. ಪಕ್ಕದ ಪೇಂಟ್ ಅಂಗಡಿಯ ಯಜಮಾನರು ಒಂದು ತುಂಡು ಬಾಯಿಗೆ ಹಾಕಿಕೊಂಡು, "ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ. ಆ ಕಾಗದಕ್ಕೆ ಕಟ್ಟು ಹಾಕಿಸಿ ಲಕ್ಷ್ಮಿ ಫೋಟೊ ಪಕ್ಕ ನೇತುಹಾಕಪ್ಪ" ಎಂದರು. ನಾಲ್ಕು ವರ್ಷ ಅದೇ ಮಾತು ಕೇಳಿದೆ. ಈಗ ದುಡ್ಡು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ತಿಪಟೂರು ಕಡೆ ಹಾರ್ಡ್‌ವೇರ್ ಅಂಗಡಿ. ಒಬ್ಬ ಕಂಟ್ರಾಕ್ಟರಿಗೆ 2014-15ರಲ್ಲಿ ಸಿಮೆಂಟು, ಕಬ್ಬಿಣ ಉದ್ರಿ ಕೊಟ್ಟಿದ್ದೆ. ಬಾಕಿ ನಿಂತಿದ್ದು 4.86 ಲಕ್ಷ. 2016ರಲ್ಲಿ ದಾವೆ ಹಾಕಿದೆ. ಕೋರ್ಟ್ ಫೀಯೇ ಮೂವತ್ತೆರಡು ಸಾವಿರದ ಆಸುಪಾಸು ಆಯಿತು. ಡಿಕ್ರಿಯಲ್ಲಿ ಸಿಕ್ಕಿದ್ದು ದಾವೆ ಹಾಕಿದ ದಿನದಿಂದ ಶೇ. 6 ಬಡ್ಡಿ, ಜೊತೆಗೆ ಖರ್ಚು. ನಾವು ಅಂಗಡಿಯವರು ಮಾಲು ಕೊಡುವ ಕಂಪನಿಗೆ ಎಷ್ಟು ಬಡ್ಡಿ ಕಟ್ಟುತ್ತೇವೆ ಅಂತ ನಮಗೇ ಗೊತ್ತು. ಇರಲಿ.

ಮೊದಲ ತಪ್ಪು ದಾವೆಯ ಕಾಲದ್ದೇ. ಡಿಕ್ರಿ ಆದ ಮೇಲೆ ಇಸಿ (ಋಣಭಾರ ಪತ್ರ) ತೆಗೆಸಿದರೆ, ಅವನ ಸೈಟು 2017ರಲ್ಲೇ ದಾನಪತ್ರದ ಮೇಲೆ ಹೆಂಡತಿ ಹೆಸರಿಗೆ ಹೋಗಿತ್ತು. ಕೇಸು ನಡೆಯುತ್ತಿದ್ದಾಗಲೇ. ದಾವೆಯ ಜೊತೆಗೇ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 38 ರೂಲ್ 5ರಲ್ಲಿ, ತೀರ್ಪಿಗೆ ಮೊದಲೇ ಜಪ್ತಿ ಕೇಳಬಹುದಿತ್ತು. ನಾನು ಕೇಳಲಿಲ್ಲ, ವಕೀಲರೂ ಹೇಳಲಿಲ್ಲ. ದಾನಪತ್ರ ಮೋಸದ್ದು ಎಂದು ಸಾಧಿಸಲು ಹೊರಟರೆ ಇನ್ನೂ ಮೂರು ನಾಲ್ಕು ವರ್ಷ ಹಿಡಿಯುತ್ತದೆ ಎಂದರು. ಬಿಟ್ಟೆ. ತೆಂಗಿನ ತೋಟದ ಪಹಣಿ ನೋಡಿದೆ, ಅದು ಅವನ ಅಪ್ಪನ ಹೆಸರಲ್ಲಿ.

ಜುಲೈನಲ್ಲಿ ಇಪಿ, ಅಂದರೆ ಡಿಕ್ರಿ ಜಾರಿ ಮಾಡಿಸುವ ಅರ್ಜಿ, ಹಾಕಿದೆವು. ಎಲ್ಲರಂತೆ ನಾನೂ ಮೊದಲು ಮನೆ ಸಾಮಾನು ಜಪ್ತಿಗೇ ಕೈ ಹಾಕಿದೆ. ಸಾರಿಗೆ ಬಸ್ಸು ಜಪ್ತಿ, ಸರ್ಕಾರಿ ಕಚೇರಿ ಕುರ್ಚಿ ಜಪ್ತಿ ಅಂತ ಪೇಪರಲ್ಲಿ ಫೋಟೊ ನೋಡಿದ್ದೇ ನೋಡಿದ್ದು, ನನಗೂ ಆಸೆ. ಕೋರ್ಟಿನ ಆದೇಶ ಜಾರಿ ಮಾಡುವ ಅಮೀನರು, ಗೂಡ್ಸ್ ಆಟೊ, ನಾಲ್ಕು ಜನ ಹಮಾಲಿಗಳು, ಪೊಲೀಸ್ ನೆರವಿಗೆ ಬೇರೆ ಅರ್ಜಿ. ಹೋದರೆ ಟಿವಿ, ಫ್ರಿಜ್ಜಿನ ಬಿಲ್ಲು ಅವನ ಅತ್ತೆ ಹೆಸರಲ್ಲಿ. ಪಾತ್ರೆ, ಹಾಸಿಗೆ ಕಾನೂನಿನಲ್ಲೇ ಮುಟ್ಟುವ ಹಾಗಿಲ್ಲ. ಜೆಸಿಬಿ ಮೇಲೆ ಫೈನಾನ್ಸ್ ಸಾಲ. ಏಳು ಸಾವಿರ ಖರ್ಚು ಮಾಡಿ, ಖಾಲಿ ಆಟೊದಲ್ಲಿ ಹಮಾಲಿಗಳ ಜೊತೆ ಬೀಡಿ ಹೊಗೆ ಕುಡಿಯುತ್ತಾ ವಾಪಸ್ಸು ಬಂದೆ.

ಆಮೇಲೆ ಕೊರೊನಾ. 2020 ಪೂರ್ತಿ ವಾಯಿದೆ ಮೇಲೆ ವಾಯಿದೆ.

2021ರಲ್ಲಿ ಬ್ಯಾಂಕ್ ಖಾತೆಗೆ ಗುರಿಯಿಟ್ಟೆ. ಹಳೆ ಚೆಕ್ಕಿನಿಂದ ಖಾತೆ ನಂಬರು ಗೊತ್ತಿತ್ತು. ತಡೆ ಆದೇಶ ಹೋಯಿತು, ಬ್ಯಾಂಕಿನ ಉತ್ತರ ಬಂತು: ಅದು ಓಡಿ (ಓವರ್‌ಡ್ರಾಫ್ಟ್ ಸಾಲದ) ಖಾತೆ, ಅವನೇ ನಮಗೆ ಹನ್ನೊಂದು ಲಕ್ಷ ಕೊಡಬೇಕು. ಓಡಿಯಲ್ಲಿ ಬ್ಯಾಂಕು ಅವನಿಗೆ ಕೊಡಬೇಕಾದ್ದು ಏನೂ ಇಲ್ಲವಲ್ಲ, ಜಪ್ತಿ ಮಾಡುವುದು ಏನನ್ನು? ಉಳಿತಾಯ ಖಾತೆಯಲ್ಲಿ 1,340 ರೂಪಾಯಿ ಇತ್ತು. ಅದನ್ನು ಕೇಳಿ ಪೇಂಟ್ ಅಂಗಡಿಯವರು ನಕ್ಕಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಅರೆಸ್ಟ್ ವಾರಂಟ್ ಕೇಳಿದಾಗ ಅವನ ವಕೀಲರು 1980ರ ಜಾಲಿ ಜಾರ್ಜ್ ವರ್ಗೀಸ್ ತೀರ್ಪು ತೆಗೆದರು. ಸಾಲ ತೀರಿಸಿಲ್ಲ ಅಂತ ಮಾತ್ರಕ್ಕೆ ಜೈಲಿಗೆ ಹಾಕುವಂತಿಲ್ಲ, ಶಕ್ತಿ ಇದ್ದೂ ಕೊಡುತ್ತಿಲ್ಲ ಅಂತ ತೋರಿಸಬೇಕು. ಆ ಹೆಸರು ನನಗೀಗ ಬಾಯಿಪಾಠ. ಇನ್ನೊಂದು ತಮಾಷೆ, ಜೈಲಿಗೆ ಹೋದರೆ ಅವನ ಊಟದ ಬಾಬ್ತು ಕಟ್ಟಬೇಕಾದವನು ನಾನೇ!

ನಮ್ಮ ವಕೀಲರೂ ಸುಮ್ಮನಿರಲಿಲ್ಲ. ಇಪಿ ಆರು ತಿಂಗಳಲ್ಲಿ ಮುಗಿಸಬೇಕು ಎಂದು 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಪ್ರತಿ ಮೆಮೊದಲ್ಲೂ ಹಾಕಿದರು. ವಾಯಿದೆ ಸ್ವಲ್ಪ ಹತ್ತಿರ ಹತ್ತಿರ ಬರತೊಡಗಿತು, ಅಷ್ಟೇ.

ದಾರಿ ತಿರುಗಿದ್ದು ಸಿಪಿಸಿ ಆರ್ಡರ್ 21ರ ರೂಲ್ 41ರಿಂದ. ಜೆಡಿಆರ್, ಅಂದರೆ ಡಿಕ್ರಿ ಹಣ ಕೊಡಬೇಕಾದವನು, ತನ್ನ ಆಸ್ತಿ ಏನೇನಿದೆ ಅಂತ ಪ್ರಮಾಣ ಮಾಡಿ ಅಫಿಡವಿಟ್ ಕೊಡಬೇಕು. ಎಂಟು ತಿಂಗಳು ಕೊಡಲಿಲ್ಲ. ಕೊಡದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಜೈಲು ಇದೆ. ಆ ಅರ್ಜಿ ಹಾಕಿದ ಮುಂದಿನ ವಾಯಿದೆಗೇ ಅಫಿಡವಿಟ್ ಬಂತು. "ಕಂಟ್ರಾಕ್ಟ್ ಕೆಲಸ ನಿಲ್ಲಿಸಿದ್ದೇನೆ, ಆದಾಯ ಇಲ್ಲ, ಅಪ್ಪನ ಆಶ್ರಯದಲ್ಲಿದ್ದೇನೆ."

ಅವನ ಜಿಎಸ್‌ಟಿ ನಂಬರು ನನ್ನ ಹಳೆ ಬಿಲ್ಲಿನಲ್ಲಿ ಇರಲಿಲ್ಲ, ಆಗಿನ್ನೂ ವ್ಯಾಟ್. ಆದರೆ ಪ್ಯಾನ್ ಇತ್ತು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿದರೆ ನಂಬರು ಬರುತ್ತದೆ, ಯಾವ ತಿಂಗಳ ರಿಟರ್ನ್ ಯಾವತ್ತು ಹಾಕಿದ್ದಾನೆ ಅಂತಲೂ ಕಾಣುತ್ತದೆ. ಅದರ ಹಿಂದಿನ ತಿಂಗಳವರೆಗೂ 3ಬಿ ರಿಟರ್ನ್ ಹಾಕಿದ್ದ. ಕೆಲಸ ನಿಲ್ಲಿಸಿದವನು ಪ್ರತಿ ತಿಂಗಳು ರಿಟರ್ನ್ ಯಾಕೆ ಹಾಕುತ್ತಾನೆ? ಪ್ರಿಂಟ್ ತೆಗೆದು, ಕಂಪ್ಯೂಟರ್ ಪ್ರತಿಗೆ ಆಗಿನ ಸಾಕ್ಷ್ಯ ಕಾಯ್ದೆ ಕೇಳುತ್ತಿದ್ದ 65ಬಿ ಸರ್ಟಿಫಿಕೇಟ್ ಸೇರಿಸಿ ಕೋರ್ಟಿಗೆ ಕೊಟ್ಟೆ. ಜಡ್ಜ್ ಸಾಹೇಬರು ಅವನ ವಕೀಲರ ಮುಖ ನೋಡಿದರು. ವರ್ಗೀಸ್ ತೀರ್ಪು ಆವತ್ತು ಬ್ಯಾಗಿನಿಂದ ಹೊರಗೆ ಬರಲಿಲ್ಲ.

ಕೆಲಸ ಮಾಡುತ್ತಿದ್ದಾನೆ ಅಂದರೆ ಯಾರೋ ದುಡ್ಡು ಕೊಡಬೇಕು. ಯಾರು? ಇದಕ್ಕೆ ಉತ್ತರ ಸಿಕ್ಕಿದ್ದು ಸ್ಕೂಟರ್ ಮೇಲೆ. ಒಂದು ಬಡಾವಣೆಯಲ್ಲಿ ಪೈಪ್ ಡೆಲಿವರಿ ನೋಡಲು ಹೋಗಿದ್ದೆ. ಚರಂಡಿ ಪಕ್ಕ ಹಳದಿ ಬೋರ್ಡು. ಕಾಮಗಾರಿ ಹೆಸರು, ಅಂದಾಜು ಮೊತ್ತ, ಕೊನೆಯಲ್ಲಿ ಗುತ್ತಿಗೆದಾರರ ಹೆಸರು. ಇವನದೇ! ಆವತ್ತಿನಿಂದ ಎರಡು ತಿಂಗಳು ಭಾನುವಾರ ಭಾನುವಾರ ಬೋರ್ಡು ಓದುವುದೇ ಕೆಲಸ. ಮಗಳು "ಅಪ್ಪ, ಚರಂಡಿ ಇನ್‌ಸ್ಪೆಕ್ಟರ್" ಎಂದು ರೇಗಿಸುತ್ತಿದ್ದಳು. ಅವನ ಹೆಸರಿನ ಮೂರು ಕಾಮಗಾರಿ ಸಿಕ್ಕಿದವು. ಮಾಹಿತಿ ಹಕ್ಕಿನಲ್ಲಿ ಬಿಲ್ಲಿನ ವಿವರ ಕೇಳಿದೆ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, ಗೊತ್ತಲ್ವಾ. ನನ್ನ ಮೊದಲ ಅರ್ಜಿ ಅದಕ್ಕೇ ವಾಪಸ್ಸು ಬಂತು. ಮೂರು ಅರ್ಜಿ ಮಾಡಿ, ಹತ್ತು ಹತ್ತು ರೂಪಾಯಿ ಹಚ್ಚಿ ಮತ್ತೆ ಹಾಕಿದೆ.

ಮೊದಲ ಬಿಲ್ಲಿಗೆ ತಡೆ ಆದೇಶ ತಂದಾಗ ನಾಲ್ಕು ದಿನ ತಡವಾಗಿತ್ತು. ದುಡ್ಡು ಅವನ ಓಡಿ ಖಾತೆಗೆ ಹೋಗಿ ಕರಗಿತ್ತು. ಆ ರಾತ್ರಿ ನಾನೂ ಇನ್ನು ಸಾಕು ಅಂದುಕೊಂಡಿದ್ದೆ. ಹೆಂಡತಿ "ಇಷ್ಟು ಅಲೆದಿದ್ದೀರಿ, ಇನ್ನೊಂದು ಬಿಲ್ಲು ನೋಡಿ" ಎಂದಳು.

ಹಣಕಾಸು ವರ್ಷ ಮುಗಿಯುವ ಮಾರ್ಚ್ ಕೊನೆಗೆ ಬಿಲ್ಲುಗಳು ಹೇಗೆ ಓಡುತ್ತವೆ ಅಂತ ಕಂಟ್ರಾಕ್ಟರುಗಳಿಗೆ ಮಾಲು ಕೊಡುವ ಎಲ್ಲರಿಗೂ ಗೊತ್ತು. ಅದಕ್ಕೇ ಅವನಿಗೆ ಬರಬೇಕಾದ ಬಿಲ್ಲಿನ ಹಣ ತಡೆಯುವ ರೂಲ್ 46ರ ಆದೇಶವನ್ನು 2023ರ ಫೆಬ್ರವರಿಯಲ್ಲೇ ಪಡೆದು, ಅಮೀನರ ಜೊತೆ ನಾನೇ ಹೋಗಿ ಕಾಮಗಾರಿ ಕೊಟ್ಟ ಕಚೇರಿಯ ಲೆಕ್ಕಪತ್ರ ವಿಭಾಗಕ್ಕೆ ಜಾರಿ ಮಾಡಿಸಿದೆ. ಪ್ರತಿಯ ಮೇಲೆ ಇನ್‌ವರ್ಡ್ ಸೀಲು, ತಾರೀಕು, ಸಹಿ ಬೀಳುವವರೆಗೆ ಅಲ್ಲಿಂದ ಕದಲಲಿಲ್ಲ. ಬಿಲ್ಲು ಎಂ.ಬಿ. (ಕೆಲಸದ ಅಳತೆ ಪುಸ್ತಕ) ದಾಟಿ ಯಾವ ಮೇಜಿನಲ್ಲಿದೆ ಅಂತ ನನಗೆ ಹೇಗೆ ಗೊತ್ತಾಯಿತು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಲಂಚ ಅಲ್ಲ, ಅಷ್ಟು ಹೇಳುತ್ತೇನೆ. ಆ ಹಣ ಕೋರ್ಟಿಗೆ ಕಟ್ಟಿ ಎಂಬ 46ಎ ನೋಟಿಸ್ ಹೋಯಿತು. ಏಪ್ರಿಲ್ ಕೊನೆಗೆ 4.35 ಲಕ್ಷ ಕೋರ್ಟಿನಲ್ಲಿ ಡೆಪಾಸಿಟ್ ಆಯಿತು.

ಒಂದು ಮಾತು ಒಪ್ಪಿಕೊಳ್ಳಬೇಕು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅವನ ಹೆಸರು ಹುಡುಕಿದಾಗ ಟೈಲ್ಸ್ ಅಂಗಡಿಯವರೊಬ್ಬರ ಡಿಕ್ರಿಯೂ ಕಂಡಿತ್ತು, ನನ್ನದಕ್ಕಿಂತ ದೊಡ್ಡದು. ಇಪಿ ಹಾಕಿರಲಿಲ್ಲ. ದುಡ್ಡು ಕೋರ್ಟಿಗೆ ಬರುವ ಮೊದಲು ಅವರು ಅದೇ ಕೋರ್ಟಿನಲ್ಲಿ ಇಪಿ ಹಾಕಿದ್ದರೆ ಸೆಕ್ಷನ್ 73ರ ಪ್ರಕಾರ ಪಾಲು ಹಂಚಬೇಕಿತ್ತು. ವಾರಕ್ಕೊಮ್ಮೆ ಸಿಗುತ್ತಿದ್ದರು. ನಾನು ತುಟಿ ಬಿಚ್ಚಲಿಲ್ಲ.

ಡೆಪಾಸಿಟ್ ಆದ ವಾರದಲ್ಲಿ ಕಂಟ್ರಾಕ್ಟರು ತಾನಾಗೇ ಅಂಗಡಿಗೆ ಬಂದ. ಏಳು ವರ್ಷದಲ್ಲಿ ಅದೇ ಮೊದಲು. "ಅಣ್ಣ, ಇನ್ನೆರಡು ಬಿಲ್ಲಿಗೆ ಕೈ ಹಾಕಬೇಡ, ಬಡ್ಡಿ ಬಿಡು, ಈಗಲೇ ಮುಗಿಸುತ್ತೇನೆ" ಎಂದ. ಬಡ್ಡಿ ಬಿಡಲಿಲ್ಲ. ಡೆಪಾಸಿಟ್ಟನ್ನು ಮೊದಲು ಬಡ್ಡಿ, ಖರ್ಚಿಗೆ ಮುರಿದು ಉಳಿದದ್ದನ್ನು ಅಸಲಿಗೆ ಹಾಕಿ ಮೆಮೊ ಕೊಟ್ಟಿದ್ದೆವು. ಸುಮಾರು 2.9 ಲಕ್ಷ ಬಾಕಿ ಬರುತ್ತಿತ್ತು. 2.6ಕ್ಕೆ ಒಪ್ಪಿದೆ, ಎರಡು ಡಿಡಿ. ಎರಡನೆಯದು ಪಾಸಾದ ಮೇಲೇ ಪೂರ್ತಿ ತೀರಿತು ಅಂತ ಬರೆದುಕೊಟ್ಟೆ. ಕೋರ್ಟಿನ ದುಡ್ಡು ಖಾತೆಗೆ ಬರಲು ಮತ್ತೆರಡು ತಿಂಗಳು ಹಿಡಿಯಿತು. ಡಿಕ್ರಿಯಲ್ಲಿ ನನ್ನ ಇನಿಷಿಯಲ್ ಒಂದು, ಪಾಸ್‌ಬುಕ್ಕಿನಲ್ಲಿ ಎರಡು!

ಬಂದಿದ್ದು 6.95 ಲಕ್ಷ. ವಕೀಲರ ಫೀಸು, ಓಡಾಟ, ಆ ಖಾಲಿ ಆಟೊ ಎಲ್ಲ ಸೇರಿ ಖರ್ಚು ಒಂದೂಕಾಲು ಲಕ್ಷ ಇರಬಹುದು. ಅರವತ್ತಕ್ಕೂ ಜಾಸ್ತಿ ವಾಯಿದೆ.

ನಡುವೆ ಇನ್ನೊಂದು ಸಣ್ಣ ಪ್ರಯೋಗವನ್ನೂ ಮಾಡಿದೆ. ಮನೆ ಕಟ್ಟಿದ ಸರ್ಕಾರಿ ನೌಕರರೊಬ್ಬರಿಂದ 1.6 ಲಕ್ಷ ಬರಬೇಕಿತ್ತು. ಅಲ್ಲಿ ನೇರ ಸಂಬಳ ಜಪ್ತಿ. ಮೊದಲ ಸಾವಿರ, ಉಳಿದದ್ದರಲ್ಲಿ ಮೂರನೇ ಎರಡು ಪಾಲು ಮುಟ್ಟುವಂತಿಲ್ಲ. 31 ಸಾವಿರ ಸಂಬಳಕ್ಕೆ ತಿಂಗಳಿಗೆ ಹತ್ತು ಸಾವಿರ ಬಂತು. ಒಂದು ಡಿಕ್ರಿಗೆ 24 ತಿಂಗಳಷ್ಟೇ ಹಿಡಿಯಬಹುದು. ನನ್ನದು ಹದಿನೇಳಕ್ಕೆ ಮುಗಿಯಿತು. ಅದರಲ್ಲಿ ಕಥೆಯೇ ಇಲ್ಲ, ಬಿಡಿ.

ಮೊನ್ನೆ ಟೈಲ್ಸ್ ಅಂಗಡಿಯವರು ಬಂದಿದ್ದರು, ಈಗ ಇಪಿ ಹಾಕಿದ್ದಾರೆ. ಅಫಿಡವಿಟ್ ಪ್ರತಿ, ಜಿಎಸ್‌ಟಿ ಪ್ರಿಂಟು, ಉಳಿದೆರಡು ಬೋರ್ಡಿನ ಫೋಟೊ ಎಲ್ಲ ಕೊಟ್ಟೆ. "ಅಲ್ಲಣ್ಣ, ಬಿಲ್ಲು ಯಾವ ಮೇಜಲ್ಲಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತು?" ಎಂದರು. ಹುಡುಗನನ್ನು ಕರೆದು ಎರಡು ಟೀ ಹೇಳಿದೆ.