ತೂಕದ ಚೀಟಿ ನಿಲ್ಲದಂತೆ: ಮೂರು ಊರುಗಳ ಜಾಲಕ್ಕೆ ಎಸ್‌ಡಿಎನ್ ಅಳವಡಿಸುವ ಕ್ರಮ

ತೊಗರಿ ಹಂಗಾಮು ಜೋರಾಗಿದ್ದ ಜನವರಿಯ ಒಂದು ಬೆಳಿಗ್ಗೆ ಕಲಬುರಗಿಯ ಬೇಳೆ ಮಿಲ್ಲೊಂದರ ಗೇಟಿನಿಂದ ರಸ್ತೆಯವರೆಗೂ ಲಾರಿಗಳು ನಿಂತಿದ್ದವು. ಲಾರಿ ಕಾಟಾದ ಮೇಲೆ ಏರುತ್ತಿತ್ತು, ತೂಕ ಪರದೆಯ ಮೇಲೆ ಮೂಡುತ್ತಿತ್ತು, ಚೀಟಿ ಮಾತ್ರ ಬರುತ್ತಿರಲಿಲ್ಲ. ಕಾಟಾ ಕೋಣೆಯ ಕಂಪ್ಯೂಟರಿಗೆ ಬಿಲ್ಲಿಂಗ್ ಸರ್ವರ್ ಸಿಗುತ್ತಿರಲಿಲ್ಲ. ಹಿಂದಿನ ರಾತ್ರಿ ನಾನೇ ಆ ಮಿಲ್ಲಿನ 14 ಸ್ವಿಚ್‌ಗಳಿಗೆ, ಅಂದರೆ ಕಂಪ್ಯೂಟರ್‌ಗಳನ್ನು ಜಾಲಕ್ಕೆ ಜೋಡಿಸುವ ಪೆಟ್ಟಿಗೆಗಳಿಗೆ, ಒಂದೊಂದಾಗಿ ಲಾಗಿನ್ ಆಗಿ, ಸಿಸಿಟಿವಿಯನ್ನೂ ಬಿಲ್ಲಿಂಗನ್ನೂ ಬೇರೆ ಬೇರೆ ವಿಲ್ಯಾನ್‌ಗಳಿಗೆ (ಒಂದೇ ಜಾಲದೊಳಗೆ ಬೇರ್ಪಡಿಸಿದ ಭಾಗಗಳಿಗೆ) ಹಾಕಿದ್ದೆ. 13 ಸ್ವಿಚ್‌ಗಳಲ್ಲಿ ಎಲ್ಲವೂ ಸರಿಯಿತ್ತು. ಕಾಟಾ ಕೋಣೆಯ ಸ್ವಿಚ್‌ನ ಅಪ್‌ಲಿಂಕ್ ಪೋರ್ಟಿಗೆ (ಉಳಿದ ಜಾಲಕ್ಕೆ ಜೋಡಿಸುವ ಕಿಂಡಿಗೆ) ಹೊಸ ವಿಲ್ಯಾನ್ ಸೇರಿಸುವ ಒಂದು ಸಾಲು ಬಿಟ್ಟುಹೋಗಿತ್ತು. ಅದನ್ನು ಹುಡುಕಲು ಎರಡು ತಾಸು ಹಿಡಿಯಿತು. ಕಾದು ನಿಂತ ರೈತರಲ್ಲಿ ಕೆಲವರು ಅಫಜಲಪುರದ ಕಡೆಯಿಂದ ನಸುಕಿನಲ್ಲೇ ಹೊರಟು ಬಂದವರು. ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿಂಗ್, ಅಂದರೆ ಎಸ್‌ಡಿಎನ್, ಏಕೆ ಬೇಕೆಂದು ಯಾರಾದರೂ ಕೇಳಿದರೆ ಬಿಟ್ಟುಹೋದ ಆ ಸಾಲೇ ನನಗೆ ಮೊದಲು ನೆನಪಾಗುತ್ತದೆ.

ಪ್ರತಿಯೊಂದು ಸ್ವಿಚ್ ಎರಡು ಕೆಲಸ ಮಾಡುತ್ತದೆ: ಬಂದ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಮತ್ತು ಆ ತೀರ್ಮಾನದಂತೆ ಅದನ್ನು ಸಾಗಿಸುವುದು. ಹಳೆಯ ಬಗೆಯ ಜಾಲದಲ್ಲಿ ಎರಡೂ ಒಂದೇ ಪೆಟ್ಟಿಗೆಯೊಳಗಿರುವುದರಿಂದ ಸಂಸ್ಥೆಯ ನಿಯಮಗಳು ಹತ್ತಾರು ಪೆಟ್ಟಿಗೆಗಳಲ್ಲಿ ಚೂರುಚೂರಾಗಿ ಹಂಚಿಹೋಗಿರುತ್ತವೆ. ಎಸ್‌ಡಿಎನ್ ತೀರ್ಮಾನದ ಕೆಲಸವನ್ನು ಕಂಟ್ರೋಲರ್ ಎಂಬ ತಂತ್ರಾಂಶಕ್ಕೆ ಒಪ್ಪಿಸಿ, ಸಾಗಣೆಯನ್ನಷ್ಟೇ ಸ್ವಿಚ್‌ಗೆ ಉಳಿಸುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಈಥೇನ್ ಎಂಬ ಪ್ರಯೋಗವು 2007ರಲ್ಲಿ 300ಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಜಾಲವನ್ನು ಹೀಗೆ ಒಂದೇ ಕಡೆ ಬರೆದ ನಿಯಮಗಳಿಂದ ನಡೆಸಿ ತೋರಿಸಿತು; ಮರುವರ್ಷ, ಕಂಟ್ರೋಲರ್ ಮತ್ತು ಸ್ವಿಚ್ ಪರಸ್ಪರ ಮಾತಾಡುವ ಓಪನ್‌ಫ್ಲೋ ಪ್ರೋಟೋಕಾಲ್ ಬೆಳಕಿಗೆ ಬಂತು. ಗೂಗಲ್ ತನ್ನ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಬಿ4 ಜಾಲವನ್ನು ಇದೇ ತತ್ವದ ಮೇಲೆ ಕಟ್ಟಿ 2013ರಲ್ಲಿ ಅದರ ವಿವರ ಪ್ರಕಟಿಸಿತು. ನಮ್ಮ ಮಿಲ್ಲು, ಆಸ್ಪತ್ರೆ, ಕಾಲೇಜುಗಳಿಗೆ ಗೂಗಲ್‌ನ ಗಾತ್ರ ಬೇಕಿಲ್ಲ. ಈಥೇನ್‌ನ ಪಾಠವೇ ನಮಗೆ ಹತ್ತಿರದ್ದು.

ಆದ್ದರಿಂದ ಯಾವ ಪೆಟ್ಟಿಗೆಯನ್ನೂ ಕೊಳ್ಳುವ ಮೊದಲು ಮಾಲೀಕರನ್ನೂ ಲೆಕ್ಕಪತ್ರದವರನ್ನೂ ಎದುರಿಗೆ ಕೂರಿಸಿಕೊಂಡು, ಯಾರು ಯಾರೊಡನೆ ಮಾತಾಡಬೇಕು ಎಂಬುದನ್ನು ಸರಳ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆಯಿರಿ. ಕಾಟಾದ ಕಂಪ್ಯೂಟರ್ ಬಿಲ್ಲಿಂಗ್ ಸರ್ವರನ್ನು ಮಾತ್ರ ತಲುಪಬೇಕು. ಕ್ಯಾಮೆರಾಗಳು ರೆಕಾರ್ಡರನ್ನು ಬಿಟ್ಟು ಬೇರೆಲ್ಲಿಗೂ, ಇಂಟರ್ನೆಟ್ಟಿಗೂ, ಹೋಗಕೂಡದು. ಬೀದರ್ ಗೋದಾಮಿನವರು ದಾಸ್ತಾನನ್ನು ನೋಡಬಹುದು, ಸಂಬಳದ ಕಡತವನ್ನು ನೋಡುವಂತಿಲ್ಲ. ಇಂಥ ಹದಿನೈದು ಇಪ್ಪತ್ತು ವಾಕ್ಯಗಳು ಸಾಕು. ಕಂಟ್ರೋಲರ್‌ಗೆ ನಾಳೆ ಕೊಡುವ ನಿಯಮಗಳೆಲ್ಲ ಈ ಹಾಳೆಯಿಂದಲೇ ಹುಟ್ಟುತ್ತವೆ. ವ್ಯಾಪಾರಿಗೆ ಎಸ್‌ಡಿಎನ್‌ನಿಂದ ಸಿಗುವ ನಿಜವಾದ ಲಾಭವೂ ಇಲ್ಲಿಯೇ ಇದೆಯೆಂದು ನಾನು ನಂಬಿದ್ದೇನೆ: ತನ್ನ ಜಾಲದಲ್ಲಿ ಏನು ನಡೆಯಬೇಕೆಂಬುದನ್ನು ಆತ ಮೊದಲ ಸಲ ತಾನೇ ಓದಿ, ತಾನೇ ತಿದ್ದಬಲ್ಲ.

ಅನಂತರ ಕೆಲಸವನ್ನು ಎರಡಾಗಿ ನೋಡಿ. ಒಂದೇ ಆವರಣದೊಳಗಿನ ಸ್ವಿಚ್‌ಗಳದ್ದು ಒಂದು ಸಮಸ್ಯೆ, ಊರೂರುಗಳ ನಡುವಿನ ಸಂಪರ್ಕದ್ದು ಇನ್ನೊಂದು. ಕಲಬುರಗಿಯಲ್ಲಿ ಮುಖ್ಯ ಕಚೇರಿ, ಬೀದರಿನಲ್ಲಿ ಗೋದಾಮು, ಯಾದಗಿರಿಯಲ್ಲಿ ಖರೀದಿ ಕೇಂದ್ರ ಇರುವವರು ಎರಡನೆಯದರಿಂದ ಆರಂಭಿಸುವುದೇ ಲೇಸು. ಊರೂರುಗಳ ನಡುವಿನ ಸಂಪರ್ಕವನ್ನು ಹೀಗೆ ತಂತ್ರಾಂಶದಿಂದ ನಡೆಸುವುದಕ್ಕೆ ಎಸ್‌ಡಿ-ವ್ಯಾನ್ ಎನ್ನುತ್ತಾರೆ. ಪ್ರತಿ ಊರಿನಲ್ಲೂ ಎರಡು ಸಂಪರ್ಕಗಳಿರಲಿ, ಒಂದು ಫೈಬರ್, ಇನ್ನೊಂದು 4ಜಿ ಅಥವಾ ಬೇರೆ ಕಂಪನಿಯ ಬ್ರಾಡ್‌ಬ್ಯಾಂಡ್. ಅಲ್ಲಿನ ಸಾಧನವು ಎರಡೂ ದಾರಿಗಳ ವಿಳಂಬವನ್ನೂ ಪ್ಯಾಕೆಟ್ ನಷ್ಟವನ್ನೂ ಸದಾ ಅಳೆಯುತ್ತಾ, ಬಿಲ್ಲಿಂಗನ್ನು ಆ ಹೊತ್ತಿಗೆ ಚೆನ್ನಾಗಿರುವ ದಾರಿಯಲ್ಲೂ ಕ್ಯಾಮೆರಾ ಬ್ಯಾಕಪ್ಪನ್ನು ಅಗ್ಗದ ದಾರಿಯಲ್ಲೂ ಕಳಿಸುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎರಡು ಕಂಪನಿಗಳ ಫೈಬರ್ ತೆಗೆದುಕೊಂಡರೂ ಎರಡೂ ಒಂದೇ ರಸ್ತೆಯ ಪಕ್ಕ ಒಂದೇ ಗುಂಡಿಯಲ್ಲಿ ಬಂದಿದ್ದರೆ, ಹುಮನಾಬಾದ್ ಹಾದಿಯಲ್ಲಿ ಜೆಸಿಬಿಯ ಒಂದು ಹೊಡೆತಕ್ಕೆ ಎರಡೂ ಹೋಗುತ್ತವೆ, ಆಗ ಯಾವ ತಂತ್ರಾಂಶವೂ ನೆರವಿಗೆ ಬರುವುದಿಲ್ಲ. ಸಹಿ ಹಾಕುವ ಮೊದಲು ಇಬ್ಬರಿಂದಲೂ ಕೇಬಲ್ ಬರುವ ದಾರಿಯನ್ನು ಕೇಳಿ ತಿಳಿಯಿರಿ; ಸಾಧ್ಯವಾದರೆ ಕಟ್ಟಡದೊಳಗೆ ಎರಡು ಬೇರೆ ಗೋಡೆಗಳಿಂದ ತನ್ನಿ.

ಆವರಣದೊಳಗಿನ ಎಸ್‌ಡಿಎನ್ ಕಲಿಯಲು ದುಡ್ಡು ಬೇಕಿಲ್ಲ, ಬೆಂಗಳೂರಿಗೆ ಹೋಗಬೇಕಾಗಿಯೂ ಇಲ್ಲ. ಲಿನಕ್ಸ್ ಇರುವ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಮಿನಿನೆಟ್ ಎಂಬ ಅಣಕು ಜಾಲದ ತಂತ್ರಾಂಶ ಹಾಕಿಕೊಂಡರೆ, ಓಪನ್ ವಿಸ್ವಿಚ್ ಎಂಬ ತಂತ್ರಾಂಶ ಸ್ವಿಚ್‌ನ ಮೂರು ಪ್ರತಿಗಳೂ ಅವುಗಳಿಗೆ ಅಂಟಿದ ಕಂಪ್ಯೂಟರ್‌ಗಳೂ ಅದರೊಳಗೇ ಎದ್ದು ನಿಲ್ಲುತ್ತವೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪಿಂಗ್ ಮಾಡಿ (ಉತ್ತರ ಬೇಡುವ ಪುಟ್ಟ ಪ್ಯಾಕೆಟ್‌ಗಳನ್ನು ಕಳಿಸಿ), ಉತ್ತರ ಬರಲು ಹಿಡಿದ ಸಮಯವನ್ನು ಗಮನವಿಟ್ಟು ನೋಡಿ. ಮೊದಲನೆಯದಕ್ಕೆ ಕೆಲವು ಮಿಲಿಸೆಕೆಂಡ್ ಹಿಡಿದರೆ, ಎರಡನೆಯದರಿಂದ ಮುಂದಕ್ಕೆ ಒಂದು ಮಿಲಿಸೆಕೆಂಡಿನ ಸಣ್ಣ ಭಾಗ ಸಾಕಾಗುತ್ತದೆ. ಮೊದಲ ಪ್ಯಾಕೆಟ್ ಬಂದಾಗ ಸ್ವಿಚ್‌ಗೆ ದಾರಿ ತಿಳಿದಿರಲಿಲ್ಲ; ಅದು ಕಂಟ್ರೋಲರನ್ನು ಕೇಳಿತು, ಕಂಟ್ರೋಲರ್ ಒಂದು ನಿಯಮವನ್ನು ಸ್ವಿಚ್‌ನ ಫ್ಲೋ ಟೇಬಲಿನಲ್ಲಿ ಬರೆಯಿತು, ಮುಂದಿನವೆಲ್ಲ ಆ ನಿಯಮದ ಮೇಲೆಯೇ ಓಡಿದವು. ಈಗ ಆ ಟೇಬಲನ್ನು ತೆರೆದು ನೋಡಿದರೆ ಪ್ರತಿ ಸಾಲಿನಲ್ಲಿ ನಿಯಮದ ಆದ್ಯತೆ, ಯಾವ ಪ್ಯಾಕೆಟ್ಟಿಗೆ ಅದು ಅನ್ವಯ, ಏನು ಮಾಡಬೇಕು ಮತ್ತು ಇದುವರೆಗೆ ಎಷ್ಟು ಪ್ಯಾಕೆಟ್ ದಾಟಿವೆ ಎಂಬ ಎಣಿಕೆ ಕಾಣುತ್ತವೆ. ಆ ಎಣಿಕೆಯನ್ನು ಓದುವುದು ರೂಢಿಯಾಗಲಿ. ಎಣಿಕೆ ಏರದಿದ್ದರೆ ಪ್ಯಾಕೆಟ್ ಆ ನಿಯಮದವರೆಗೆ ಬಂದೇ ಇಲ್ಲ. ಏರುತ್ತಿದ್ದರೆ ದೋಷವನ್ನು ಮುಂದೆ ಹುಡುಕಬೇಕು. ಆ ಜನವರಿಯಲ್ಲಿ ಇಂಥ ಒಂದು ಎಣಿಕೆ ನನ್ನ ಕೈಯಲ್ಲಿದ್ದಿದ್ದರೆ ಎರಡು ತಾಸಿನ ಹುಡುಕಾಟ ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ಓಪನ್‌ಫ್ಲೋ 1.3ರಲ್ಲಿ ಹೊಸಬರು ಎಡವುವ ಜಾಗವೊಂದಿದೆ: ಯಾವ ನಿಯಮಕ್ಕೂ ಹೊಂದದ ಪ್ಯಾಕೆಟ್ಟನ್ನು ಏನು ಮಾಡಬೇಕೆಂದು ನೀವು ಬರೆಯದಿದ್ದರೆ, ಸ್ವಿಚ್ ಅದನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ. ಅತಿ ಕಡಿಮೆ ಆದ್ಯತೆಯ ಆ ಕೊನೆಯ ನಿಯಮವನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ.

ಪ್ರಯೋಗದಲ್ಲಿ ಇನ್ನೊಂದನ್ನು ಬೇಕೆಂದೇ ಮಾಡಿ ನೋಡಬೇಕು: ಕಂಟ್ರೋಲರನ್ನು ನಿಲ್ಲಿಸುವುದು. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕರೆಂಟು ಹೋಗಿ ಬರುತ್ತಿರುತ್ತದೆ. ಕಂಟ್ರೋಲರ್ ಒಂದಲ್ಲ ಒಂದು ದಿನ ನಿಂತೇ ನಿಲ್ಲುತ್ತದೆ ಎಂದುಕೊಂಡೇ ಯೋಜಿಸಿ. ಓಪನ್ ವಿಸ್ವಿಚ್‌ನಲ್ಲಿ ಇದಕ್ಕೆ ಎರಡು ವಿಧಾನಗಳಿವೆ. ಸ್ಟ್ಯಾಂಡ್‌ಅಲೋನ್ ಎಂದಿಟ್ಟರೆ ಕಂಟ್ರೋಲರ್ ಕಾಣೆಯಾದಾಗ ಸ್ವಿಚ್ ಮಾಮೂಲಿ ಸ್ವಿಚ್‌ನಂತೆ ನಡೆಯುತ್ತದೆ. ಸೆಕ್ಯೂರ್ ಎಂದಿಟ್ಟರೆ ಇದ್ದ ನಿಯಮಗಳಷ್ಟೇ ನಡೆಯುತ್ತವೆ, ಹೊಸ ಸಂಪರ್ಕಕ್ಕೆ ಅವಕಾಶವಿಲ್ಲ. ಕಾಟಾ ಕೋಣೆಗೆ ನಾನು ಮೊದಲನೆಯದನ್ನು ಆರಿಸುತ್ತೇನೆ, ಏಕೆಂದರೆ ಅಲ್ಲಿ ಕೆಲಸ ನಿಲ್ಲುವುದೇ ದೊಡ್ಡ ನಷ್ಟ. ಸರ್ವರ್ ಕೋಣೆಗೆ ಎರಡನೆಯದು. ಅಲ್ಲಿ ಗೋಡೆ ಬೀಳುವುದಕ್ಕಿಂತ ಬಾಗಿಲು ಮುಚ್ಚಿರುವುದು ವಾಸಿ. ದೊಡ್ಡ ಜಾಲದಲ್ಲಿ ಕಂಟ್ರೋಲರ್‌ಗಳು ಎರಡಲ್ಲ, ಮೂರಿರಲಿ: ಒಂದು ಬಿದ್ದರೂ ಉಳಿದೆರಡು ಬಹುಮತದಿಂದ ತೀರ್ಮಾನಿಸಬಲ್ಲವು. ಅವುಗಳಿಗೆ ಬೇರೆ ಬೇರೆ ಯುಪಿಎಸ್ ಕೊಡಿ, ಸ್ವಿಚ್‌ಗಳೊಡನೆ ಅವು ನಡೆಸುವ ಮಾತುಕತೆಯನ್ನು ಟಿಎಲ್‌ಎಸ್ ಎಂಬ ಗೂಢಲಿಪಿ ವಿಧಾನದಿಂದ ಗೂಢಗೊಳಿಸಿ. ಕಂಟ್ರೋಲರ್ ಯಾರ ಕೈಗೆ ಸಿಗುತ್ತದೆಯೋ ಇಡೀ ಜಾಲ ಅವರ ಕೈಗೆ ಸಿಕ್ಕಂತೆ.

ಸ್ವಿಚ್ ಕೊಳ್ಳುವಾಗ ಹಾರ್ಡ್‌ವೇರಿನಲ್ಲಿ ಎಷ್ಟು ನಿಯಮಗಳು ಹಿಡಿಸುತ್ತವೆ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಅಳವಡಿಕೆಗೆ ಹಂಗಾಮಿನ ದಿನಗಳನ್ನು ಆರಿಸಬೇಡಿ. ಮೃಗಶಿರ ಮಳೆ ಬಿದ್ದು ರೈತರು ಬಿತ್ತನೆಗೆ ಇಳಿಯುವ ಜೂನ್‌ನಲ್ಲಿ ಖರೀದಿ ತಗ್ಗಿರುತ್ತದೆ. ಆಗ ಒಂದು ಸ್ವಿಚ್ ಬದಲಿಸಿ, ಒಂದು ವಾರ ನೋಡಿ, ಅನಂತರ ಮುಂದಿನದಕ್ಕೆ ಹೋಗಿ. ಹಳೆಯ ಸ್ವಿಚ್‌ಗಳೂ ಹೊಸವೂ ತಿಂಗಳುಗಟ್ಟಲೆ ಜೊತೆಯಲ್ಲೇ ನಡೆಯುತ್ತವೆ, ಅದರಲ್ಲಿ ತಪ್ಪಿಲ್ಲ. ನಿಯಮಗಳ ಕಡತವನ್ನು ಗಿಟ್ ಎಂಬ, ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶದಲ್ಲಿಟ್ಟರೆ ಯಾರು ಯಾವಾಗ ಏನು ಬದಲಿಸಿದರೆಂಬುದು ಉಳಿಯುತ್ತದೆ, ಕೆಟ್ಟರೆ ನಿನ್ನೆಯ ಕಡತಕ್ಕೆ ಮರಳಬಹುದು. ಈ ಕೆಲಸಕ್ಕೆ ಇಳಿಯುವ ಎಂಜಿನಿಯರ್‌ಗಳು ಪೈಥಾನ್, ಎಪಿಐ (ತಂತ್ರಾಂಶಗಳು ಪರಸ್ಪರ ಮಾತಾಡುವ ವಿಧಾನ) ಮತ್ತು ಗಿಟ್ ಕಲಿಯಲೇಬೇಕು. ಆದರೂ ಸಬ್‌ನೆಟ್, ಎಆರ್‌ಪಿ, ರೂಟಿಂಗ್‌ನಂಥ ಜಾಲದ ಮೂಲಪಾಠಗಳು ಗೊತ್ತಿಲ್ಲದವರು ಬರೆದ ನಿಯಮವು ಒಂದು ಸ್ವಿಚ್‌ನ ಬದಲು 14 ಸ್ವಿಚ್‌ಗಳನ್ನೂ ಏಕಕಾಲಕ್ಕೆ ಕೆಡಿಸುತ್ತದೆ. ಹಳೆಯ ವಿದ್ಯೆಯ ಬೆಲೆ ಇಲ್ಲಿ ಹೆಚ್ಚುತ್ತದೆ.

ಬದಲಾವಣೆ ಮಾಡಿದ ರಾತ್ರಿ ಪರದೆಯ ಮೇಲೆ ಎಲ್ಲವೂ ಹಸಿರಾಗಿ ಕಂಡಿತೆಂದು ಮನೆಗೆ ಹೋಗಬೇಡಿ. ಕಾಟಾ ಕೋಣೆಗೆ ನಡೆದುಹೋಗಿ, ಖಾಲಿ ಕಾಟಾದ ಮೇಲೆ ನೀವೇ ನಿಂತು, ಒಂದು ಚೀಟಿ ಮುದ್ರಿಸಿ ಕೈಯಲ್ಲಿ ಹಿಡಿದು ನೋಡಿ. ಬೀದರ್ ಮತ್ತು ಯಾದಗಿರಿಯವರಿಗೂ ಫೋನ್ ಮಾಡಿ, ಅಲ್ಲಿಂದಲೂ ಒಂದೊಂದು ಬಿಲ್ ತೆಗೆಸಿ.